ಕಾಲುವೆ ತುಂಬಾ ಹಬ್ಬಿರುವ ಈ ಕಳೆ ಅಂತರಗಂಗೆನಾ?

ನೀರುಕೋಳಿ: ತೇಲುವ ಗಿಡ. ಹೂವೇ ಬಿಡುವುದಿಲ್ಲ. ಎಲೆಗಳು ಮಧ್ಯಕ್ಕೆ ಮಡಚಿಕೊಂಡು ಒತ್ತೊತ್ತಾಗಿ ನಿಂತಿವೆ, ಮೇಲೆ ನೀರು ಬಿದ್ದರೆ ನಿಲ್ಲದೆ ಉರುಳಿ ಹೋಗುತ್ತದೆ. ಎಷ್ಟು ಎಳೆದು ಹಾಕಿದರೂ ಮತ್ತೆ ತುಂಬಿಕೊಳ್ಳುತ್ತದೆ. ಸುಮ್ನೆ ಒಂದು ಸಲ ಔಷಧಿ ಹೊಡೆದುಬಿಡಲಾ?

ಕೆಸರುಗಾಲು: ಅಂತರಗಂಗೆ ಅಲ್ಲ ಅನಿಸುತ್ತದೆ, ಸಾಲ್ವಿನಿಯಾ ಮೊಲೆಸ್ಟಾ ಇರಬೇಕು. ಅದು ಜರೀಗಿಡದ ಜಾತಿ, ಹೂವು ಎಲ್ಲಿಂದ ಬರಬೇಕು! ಒಂದು ಎಲೆ ಕಿತ್ತು ಭೂತಗನ್ನಡಿಯಲ್ಲಿ ಮೇಲ್ಭಾಗ ನೋಡಿ. ಒಂದೊಂದು ಕೂದಲೂ ನಾಲ್ಕು ಕವಲಾಗಿ, ಆ ಕವಲುಗಳು ತುದಿಯಲ್ಲಿ ಮತ್ತೆ ಕೂಡಿಕೊಂಡು, ಮೊಟ್ಟೆ ಕಡೆಯುವ ಬೀಟರ್ ಥರ ಕಾಣಿಸಿದರೆ ಅದೇ. ಇದರದೇ ಹತ್ತಿರದ ಇನ್ನೊಂದು ಜಾತಿ ಸಾಲ್ವಿನಿಯಾ ಮಿನಿಮಾದಲ್ಲಿ ತುದಿಗಳು ಬಿಡಿಬಿಡಿಯಾಗಿರುತ್ತವೆ. ಅಂದಹಾಗೆ ಕೆಳಗೆ ನೇತಾಡುತ್ತದಲ್ವಾ, ಅದು ಬೇರಲ್ಲ, ಅದೂ ಎಲೆನೇ. ಇದರ ಬೀಜಕಣಗಳು ಬಂಜೆ, ಗಿಡ ಹೆಚ್ಚುವುದೆಲ್ಲ ತುಂಡುಗಳಿಂದಲೇ. ಹಾಗಾಗಿ ಎಳೆಯುವಾಗ ಮುರಿದು ತೇಲಿಹೋದ ಚೂರೇ ಮುಂದಿನ ಬೆಳೆ.

ತೂಬುಗಾರ: ಔಷಧಿ ವಿಷಯದಲ್ಲಿ ಆತುರ ಬೇಡ. ಪೂರ್ತಿ ಕಾಲುವೆಗೆ ಒಂದೇ ಸಲ ಹೊಡೆದರೆ ಅಷ್ಟೂ ಕಳೆ ಸತ್ತು ಮುಳುಗಿ ಕೊಳೆಯುತ್ತದೆ, ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತವೆ. ಹೊಡೆಯಲೇಬೇಕಿದ್ದರೆ ನೀರಿನಲ್ಲಿ ಬಳಸಲು ಅನುಮತಿ ಇರುವುದನ್ನೇ ತಂದು, ಸ್ವಲ್ಪ ಸ್ವಲ್ಪ ಜಾಗಕ್ಕೆ, ಮಧ್ಯೆ ಬಿಡುವು ಕೊಟ್ಟು ಹೊಡೆಯಿರಿ. ಅದಕ್ಕೂ ಮುಂಚೆ ಮೇಲ್ಗಡೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಅಲ್ಲಿ ಅಡ್ಡಲಾಗಿ ತೇಲುವ ತಡೆ ಕಟ್ಟಿ, ತಡೆಗೆ ಬಂದು ನಿಂತಿದ್ದನ್ನು ಎತ್ತುತ್ತಾ ಇರಿ. ದಡದಲ್ಲೇ ರಾಶಿ ಹಾಕಿದರೆ ಮಳೆಗೆ ವಾಪಸ್ ನೀರಿಗೇ ಇಳಿಯುತ್ತದೆ. ದೂರ ಸಾಗಿಸಿ ಒಣಗಿಸಿ. ಬಲೆ, ದೋಣಿಗೆ ಅಂಟಿದ್ದನ್ನೂ ಅಲ್ಲೇ ಬಿಡಿಸಿ.

ನೀರುಕೋಳಿ: ನೋಡಿದೆ, ತುದಿಗಳು ಕೂಡಿಕೊಂಡಿವೆ. ಇದನ್ನು ತಿನ್ನುವ ಹುಳು ಇದೆಯಂತೆ, ನಿಜಾನಾ?

ಕೆಸರುಗಾಲು: ನಿಜ. ಸಿರ್ಟೊಬಾಗಸ್ ಸಾಲ್ವಿನಿಯೇ ಅಂತ ಒಂದು ಪುಟ್ಟ ಕಪ್ಪು ಮೂತಿಹುಳು. ದೊಡ್ಡವು ಮೊಗ್ಗು ತಿಂದರೆ ಮರಿಗಳು ಕಾಂಡ ಕೊರೆಯುತ್ತವೆ. 1980ರಲ್ಲಿ ಆಸ್ಟ್ರೇಲಿಯಾದ ಮೂಂಡರಾ ಸರೋವರದಲ್ಲಿ ಬಿಟ್ಟಾಗ ಸುಮಾರು ಒಂದು ವರ್ಷದಲ್ಲಿ ಹೆಚ್ಚುಕಮ್ಮಿ ಇಡೀ ಸರೋವರ ತೆರವಾಯಿತು. ಆದರೆ ಚಳಿ ಜಾಸ್ತಿ ಇದ್ದರೆ ಇದರ ಆಟ ನಡೆಯುವುದಿಲ್ಲ. ನೀವೇ ತಂದು ಬಿಡಬೇಡಿ, ಸಂಬಂಧಪಟ್ಟ ಇಲಾಖೆಯನ್ನು ಕೇಳಿ. ಹುಳು ಬಿಟ್ಟ ಜಾಗಕ್ಕೆ ಔಷಧಿ ಹೊಡೆದರೆ ಅವಕ್ಕೆ ತಿನ್ನಲು ಏನು ಉಳಿಯುತ್ತದೆ ಹೇಳಿ?

ತೂಬುಗಾರ: ಕಾಲುವೆಗೆ ಚರಂಡಿ ನೀರು ಸೇರುತ್ತಿದೆಯಾ ಅಂತಲೂ ನೋಡಿ. ಗೊಬ್ಬರದ ಅಂಶ ಇಳಿಯುತ್ತಾ ಇದ್ದರೆ ಇದು ಹೋದ ಜಾಗಕ್ಕೆ ಇನ್ನೊಂದು ಕಳೆ ಬರುತ್ತದೆ.