‘ಧಾರವಾಡದ ಮನೆ’ ಗುಂಪಿನಲ್ಲಿ ಶ್ನಿಟ್ಕೆ

ಪ್ರಕಾಶ ಭಾವ: *ಮುಂದೆ ಕಳಿಸಿದ ಸಂದೇಶ* ಸೋವಿಯತ್ ಜೈಲಿನಲ್ಲಿ ಕುಳಿತು ಬರೆದ ಸಂಗೀತ!! ಸರ್ಕಾರ ನಿಷೇಧಿಸಿದ, ರಚನಕಾರ ಆಲ್ಫ್ರೆಡ್ ಶ್ನಿಟ್ಕೆಯವರ ಪಿಯಾನೊ ಕನ್ಸರ್ಟೊ (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ಕೃತಿ). ಪ್ರತಿ ಸ್ವರವೂ ಸರ್ವಾಧಿಕಾರದ ವಿರುದ್ಧ ಗುಪ್ತ ಸಂಕೇತ. ಕೇಳಿ, ಹತ್ತು ಜನರಿಗೆ ಕಳಿಸಿ 🙏

ಕಾಕಾ: ಕೇಳಿದೆ. ಆರಂಭ ಹಿತವಾಗಿತ್ತು. ಆಮೇಲೆ ಬೆಕ್ಕು ಪಿಯಾನೊದ ಮೇಲೆ ಓಡಾಡಿದಂತಾಯಿತು. ನಿಲ್ಲಿಸಿ ಮಲ್ಲಿಕಾರ್ಜುನ ಮನ್ಸೂರರನ್ನು ಹಚ್ಚಿದೆ.

ವಿದ್ಯಾ, ಹ್ಯಾಂಬರ್ಗ್: ಭಾವ, ಸಂಗೀತ ಕಳಿಸಿದ್ದು ಸಂತೋಷ, ಆದರೆ ಮೇಲಿನ ಬರಹ ಶುದ್ಧ ಸುಳ್ಳು. ಶ್ನಿಟ್ಕೆ ಜೈಲು ಕಂಡವರಲ್ಲ. ಇದನ್ನು 1979ರಲ್ಲಿ ಬರೆದು ವ್ಲಾದಿಮಿರ್ ಕ್ರಾಯ್ನೆವ್ ಎಂಬ ಪಿಯಾನೊ ವಾದಕರಿಗೆ ಅರ್ಪಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಕ್ರಾಯ್ನೆವ್ ಅದನ್ನು ಬಹಿರಂಗವಾಗಿಯೇ ನುಡಿಸಿದರು.

ರಘು ಅಣ್ಣ: ಹಾಗಾದರೆ ಮುಗಿಯಿತಲ್ಲ. ಜೈಲಿಲ್ಲ, ನಿಷೇಧವಿಲ್ಲ, ಸಭಾಂಗಣದಲ್ಲಿ ಕಛೇರಿಯೇ ನಡೆದಿದೆ. ದಮನ ಎಲ್ಲಿಂದ ಬಂತು?

ವಿದ್ಯಾ, ಹ್ಯಾಂಬರ್ಗ್: ಅಣ್ಣ, ದಮನಕ್ಕೆ ಯಾವಾಗಲೂ ಬೇಡಿಯೇ ಬೇಕೆಂದಿಲ್ಲ. ಅಲ್ಲಿ ಸಂಗೀತ ರಚನಕಾರರ ಒಕ್ಕೂಟವಿತ್ತು. 1948ರಿಂದ 1991ರವರೆಗೆ ಅದರ ಮುಖ್ಯಸ್ಥರು ಒಬ್ಬರೇ, ತೀಖೋನ್ ಖ್ರೆನ್ನಿಕೋವ್. ಯಾವ ಕೃತಿ ಎಲ್ಲಿ ನುಡಿಯಬೇಕು, ಯಾರು ಹೊರದೇಶಕ್ಕೆ ಹೋಗಬೇಕು ಎಂಬುದರಲ್ಲೆಲ್ಲ ಆ ಒಕ್ಕೂಟದ ಕೈ ಇತ್ತು. ಶ್ನಿಟ್ಕೆಯ ಮೊದಲ ಸಿಂಫನಿ 1974ರಲ್ಲಿ ಮೊದಲು ನುಡಿದದ್ದು ಮಾಸ್ಕೋದಲ್ಲಲ್ಲ, ಗೋರ್ಕಿಯಲ್ಲಿ; ಆ ಊರು ಆಗ ವಿದೇಶಿಯರಿಗೆ ಮುಚ್ಚಿತ್ತು. ಹೊಟ್ಟೆಪಾಡಿಗೆ ಅವರು 60ಕ್ಕೂ ಹೆಚ್ಚು ಚಲನಚಿತ್ರಗಳಿಗೆ ಸಂಗೀತ ಬರೆದರು. 1979ರ ನವೆಂಬರ್‌ನಲ್ಲಿ ಖ್ರೆನ್ನಿಕೋವ್ ಸಮ್ಮೇಳನದ ವೇದಿಕೆಯಿಂದಲೇ ಏಳು ರಚನಕಾರರ ಹೆಸರು ಹಿಡಿದು ಖಂಡಿಸಿದರು. ದೆನಿಸೋವ್, ಗುಬೈದುಲಿನಾ ಆ ಪಟ್ಟಿಯಲ್ಲಿದ್ದರು. ಈ ಕನ್ಸರ್ಟೊ ಮೊದಲು ನುಡಿದದ್ದು ಅದರ ಮರು ತಿಂಗಳು.

ರಘು ಅಣ್ಣ: ಆ ಏಳರಲ್ಲಿ ನಿನ್ನ ಶ್ನಿಟ್ಕೆ ಇದ್ದರೇ?

ವಿದ್ಯಾ, ಹ್ಯಾಂಬರ್ಗ್: ಇರಲಿಲ್ಲ.

ರಘು ಅಣ್ಣ: 😀

ಪ್ರಕಾಶ ಭಾವ: ನಾನು ಬಂದದ್ದನ್ನು ಕಳಿಸಿದೆ ಅಷ್ಟೆ. ಬೇಕಾದರೆ ಅಳಿಸುತ್ತೇನೆ.

ಕಾಕೂ: ಅಳಿಸಬೇಡಿ, ನಾನಿನ್ನೂ ಕೇಳಿಲ್ಲ.

ರಘು ಅಣ್ಣ: ನನ್ನ ತಕರಾರು ಬೇರೆ. ಈ ಕರ್ಕಶ ಶೈಲಿಗೆ ಎಕ್ಸ್‌ಪ್ರೆಷನಿಸಂ ಎನ್ನುತ್ತಾರಲ್ಲ, ಒಳಗಿನ ಭಯವನ್ನು ಸೋಸದೆ ಹೊರಹಾಕುವುದು. ರಚನಕಾರ ಶೋನ್‌ಬರ್ಗ್ ಅದನ್ನು 1909ರಲ್ಲೇ ವಿಯೆನ್ನಾದಲ್ಲಿ ಮಾಡಿ ತೋರಿಸಿದರು. ಅವರ ‘ಎರ್ವಾರ್ಟುಂಗ್’ ಎಂಬ ಸಂಗೀತ ನಾಟಕದಲ್ಲಿ ಒಬ್ಬ ಹೆಂಗಸು ರಾತ್ರಿ ಕಾಡಿನಲ್ಲಿ ಪ್ರಿಯಕರನನ್ನು ಹುಡುಕುತ್ತಾಳೆ. ಅಲ್ಲಿ ಯಾವ ಖ್ರೆನ್ನಿಕೋವ್ ಇದ್ದರು? ದಮನವಿಲ್ಲದ ಊರಿನಲ್ಲೂ ಇದೇ ಚೀತ್ಕಾರ ಹುಟ್ಟಿದೆ ಎಂದಮೇಲೆ, ಚೀತ್ಕಾರ ಕೇಳಿದ ಕೂಡಲೇ ದಮನ ಎನ್ನುವುದು ನಾವು ಕಥೆ ಓದಿಕೊಂಡು ಕೇಳುವುದರಿಂದ.

ವಿದ್ಯಾ, ಹ್ಯಾಂಬರ್ಗ್: ಇದು ಒಳ್ಳೆಯ ಪ್ರಶ್ನೆ, ಭಾವನ ಸಂದೇಶಕ್ಕಿಂತ ನೂರು ಪಾಲು. ಚೀತ್ಕಾರ ವಿಯೆನ್ನಾದ್ದೇ, ಒಪ್ಪುತ್ತೇನೆ. ಶ್ನಿಟ್ಕೆ ಸಂಗೀತ ಕಲಿಯಲು ಶುರುಮಾಡಿದ್ದೂ ಅಲ್ಲಿಯೇ. ತಂದೆಗೆ ಪತ್ರಿಕೆಯ ಕೆಲಸವಿತ್ತೆಂದು ಹುಡುಗ 1946ರಿಂದ 48ರವರೆಗೆ ಅಲ್ಲಿದ್ದ. ಆದ್ದರಿಂದ ನಾನು ಚೀತ್ಕಾರದ ಮೇಲೆ ವಾದ ಕಟ್ಟುವುದಿಲ್ಲ. ಕಾಕಾ, ನಿಮಗೆ ಹಿತವೆನಿಸಿದ ಆರಂಭವಿದೆಯಲ್ಲ, ಸಾಕ್ಷಿ ಇರುವುದು ಅಲ್ಲಿ.

ಕಾಕಾ: ಅಲ್ಲೇನಿದೆ? ಪಿಯಾನೊ ಒಂದೇ ನಿಧಾನಕ್ಕೆ ನುಡಿಯುತ್ತದೆ.

ವಿದ್ಯಾ, ಹ್ಯಾಂಬರ್ಗ್: ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಕೋಮಲ ಗಾಂಧಾರ, ಪಂಚಮ. ಮೂರೂ ಒಂದಾದಮೇಲೊಂದು ಬಿಡಿಬಿಡಿಯಾಗಿ. ಪಾಶ್ಚಾತ್ಯ ಸಂಗೀತದ ಹಳೆಯ, ನಂಬಿಕಸ್ಥ ಮಾತುಗಳಲ್ಲಿ ಇದೊಂದು. ಬೇಥೊವೆನ್‌ರ ‘ಮೂನ್‌ಲೈಟ್’ ಪಿಯಾನೊ ಸೊನಾಟಾ ನೆನಪಾಗುತ್ತದೆ. ತಂತಿವಾದ್ಯಗಳು ಬಂದಮೇಲೆ ಪಕ್ಕಪಕ್ಕದ ಸ್ವರಗಳೆಲ್ಲ ಒಟ್ಟಿಗೆ ಮೊಳಗಿ ಅದನ್ನು ಮಸುಕು ಮಾಡುತ್ತವೆ. ಮುಂದೆ ಚರ್ಚಿನ ಪ್ರಾರ್ಥನೆಯಂಥದ್ದು ಬರುತ್ತದೆ, ವಾಲ್ಟ್ಜ್ ಎಂಬ ಮೂರು ಮಾತ್ರೆಯ ಕುಣಿತದ ಧಾಟಿ ಬರುತ್ತದೆ, ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ಜಾಝ್‌ನಂತೆ ನಡೆಯುತ್ತದೆ. ಇಂಪಾದದ್ದು ಏನೇ ಬರಲಿ, ನಿಲ್ಲಲು ನೆಲ ಸಿಗುವುದಿಲ್ಲ.

ಈಗ ಆ ದೇಶವನ್ನು ನೆನೆಯಿರಿ. 1948ರ ಪಕ್ಷದ ನಿರ್ಣಯ ಶೊಸ್ತಕೋವಿಚ್, ಪ್ರೊಕೊಫಿಯೆವ್‌ರನ್ನು ‘ಫಾರ್ಮಲಿಸ್ಟ್’, ಅಂದರೆ ಜನರನ್ನು ಮರೆತು ಬರೀ ರೂಪದ ಕಸರತ್ತು ಮಾಡುವವರು, ಎಂದು ಬೈದು, ಜನರಿಗೆ ಹಿಡಿಸುವ ರಾಗವುಳ್ಳ ಸಂಗೀತ ಬರೆಯಿರಿ ಎಂದಿತ್ತು. ಅಲ್ಲಿಂದ ಮುಂದೆ ಇಂಪೇ ಸರ್ಕಾರಿ ಆದೇಶ. ಶೋನ್‌ಬರ್ಗ್ ಇಂಪನ್ನು ಬಿಟ್ಟು ನಡೆದರು, ಏಕೆಂದರೆ ಬಿಡುವ ಸ್ವಾತಂತ್ರ್ಯವಿತ್ತು. ಶ್ನಿಟ್ಕೆ ಅದನ್ನು ಬಿಡುವುದಿಲ್ಲ, ಮತ್ತೆಮತ್ತೆ ಕರೆತಂದು ಅನುಮಾನದಿಂದ ನೋಡುತ್ತಾರೆ. ನನ್ನ ಕಿವಿಗೆ ಭಯ ಹುಟ್ಟುವುದು ಮುಂಗೈಯಿಂದ ಬಡಿಯುವ ಆ ಗದ್ದಲದಿಂದಲ್ಲ, ಈ ಸಿಹಿಯಿಂದ.

ಕಾಕೂ: ಈಗಷ್ಟೇ ಪೂರ್ತಿ ಕೇಳಿದೆ. ಅಡುಗೆ ಮಾಡುತ್ತಿದ್ದೆ, ನೀವು ಬರೆದದ್ದು ಓದಿರಲಿಲ್ಲ. ಆ ವಾಲ್ಟ್ಜ್ ಬಂದಾಗ ನನಗೆ ಯಾಕೋ ಸಂಕಟವಾಯಿತು. ಗದ್ದಲದಲ್ಲಿ ಏನೂ ಆಗಲಿಲ್ಲ.

ವಿದ್ಯಾ, ಹ್ಯಾಂಬರ್ಗ್: ನೋಡಿದೆಯಾ ಅಣ್ಣ!

ರಘು ಅಣ್ಣ: ಕಾಕೂ ಭಾವನ ಸಂದೇಶವನ್ನಂತೂ ಓದಿದ್ದಾರೆ. ಜೈಲು ಎಂದು ಓದಿದವರಿಗೆ ವಾಲ್ಟ್ಜ್‌ನಲ್ಲೂ ಸಂಕಟವಾಗುತ್ತದೆ. ಇನ್ನೊಂದು ಮಾತು, ಸಿಹಿಯನ್ನು ಅನುಮಾನಿಸಲು ಸೋವಿಯತ್ತೇ ಬೇಕೆ? ವಿಯೆನ್ನಾದ ರಚನಕಾರ ಮಾಹ್ಲರ್ ಅದನ್ನು ಇನ್ನೂ ಮೊದಲೇ ಮಾಡಿದ್ದರು.

ಕಾಕಾ: ರಘು ಹೇಳುವುದು ಸರಿ ಎನಿಸುತ್ತದೆ. ಆದರೆ ವಿದ್ಯಾ, ಆ ಗಾಂಧಾರದ ಮಾತು ಹಿಡಿಸಿತು. ಆರಂಭವನ್ನು ಇನ್ನೊಮ್ಮೆ ಕೇಳುತ್ತೇನೆ. ಬೆಕ್ಕು ಬಂದರೆ ಮತ್ತೆ ನಿಲ್ಲಿಸುತ್ತೇನೆ, ಈಗಲೇ ಹೇಳಿರುತ್ತೇನೆ.

ವಿದ್ಯಾ, ಹ್ಯಾಂಬರ್ಗ್: ಮಾಹ್ಲರ್ ವಿಷಯ ನಿಜ, ಅಣ್ಣ. ಆದರೆ ಮಾಹ್ಲರ್‌ಗೆ ಅನುಮಾನಿಸುವುದು ಅಭಿರುಚಿಯ ಪ್ರಶ್ನೆಯಾಗಿತ್ತು, ಇವರಿಗೆ ಅನ್ನದ ಪ್ರಶ್ನೆ. 1980ರಲ್ಲಿ ಒಕ್ಕೂಟದ ಒಂದು ಮತದಾನದಲ್ಲಿ ಕೈ ಎತ್ತದೆ ಕುಳಿತದ್ದಕ್ಕೆ ಶ್ನಿಟ್ಕೆಯ ವಿದೇಶ ಪ್ರಯಾಣಕ್ಕೇ ತಡೆ ಬಿತ್ತು.

ರಘು ಅಣ್ಣ: ಅದು ಜೀವನಚರಿತ್ರೆ, ಸ್ವರವಲ್ಲ. ಒಂದು ಕೆಲಸ ಮಾಡು. ಹೆಸರು, ಊರು, ಇಸವಿ ಏನೂ ಹಾಕದೆ ಐದು ತುಣುಕು ಕಳಿಸು. ಯಾವುದು ದಮನದ ನೆರಳಿನಲ್ಲಿ ಬರೆದದ್ದು ಎಂದು ಎಲ್ಲರೂ ಊಹಿಸೋಣ. ಕಾಕೂ ಸರಿಯಾಗಿ ಹೇಳಿದರೆ ನಿನ್ನ ವಾದ ಒಪ್ಪುತ್ತೇನೆ.

ವಿದ್ಯಾ, ಹ್ಯಾಂಬರ್ಗ್: ಆಗಲಿ. ಭಾನುವಾರ ಕಳಿಸುತ್ತೇನೆ.

ಕಾಕೂ: ಭಾನುವಾರ ಬೇಡ, ಮನೆಗೆ ಬೀಗರು ಬರುತ್ತಾರೆ. ಸೋಮವಾರ ಕಳಿಸು.