ಅಮ್ಮನ ಖಾತೆಯ ಹಣ ಹೋಗಿದೆ, ಬ್ಯಾಂಕ್ ನೌಕರನ ಮೇಲೆ ಕೇಸು ನಿಲ್ಲುತ್ತದೆಯೇ?

ಮೂಡಿಗೆರೆಯಿಂದ ಪ್ರಶ್ನೆ:
ಅಮ್ಮನ ಉಳಿತಾಯ ಖಾತೆಯಲ್ಲಿ ಕಾಫಿ ಮಾರಿದ ಹಣವಿತ್ತು. ಮೊನ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ, ಅವರು ತೆಗೆಯದ ನಗದು ಸಾಲುಸಾಲಾಗಿ ಕಂಡಿತು. ಹಣ ತೆಗೆಯಲು ಬ್ಯಾಂಕಿಗೆ ಕೊಟ್ಟ ಚೀಟಿಗಳ ಮೇಲಿನ ಸಹಿ ಅಮ್ಮನದಲ್ಲ. "ಕ್ಯಾಷಿಯರನ್ನು ಅಮಾನತು ಮಾಡಿದ್ದೇವೆ, ಹಣ ತುಂಬಿಸಿಕೊಡುತ್ತೇವೆ, ಪೊಲೀಸರ ಬಳಿ ಹೋಗಬೇಡಿ" ಎನ್ನುತ್ತಾರೆ ಮ್ಯಾನೇಜರ್. ಏನು ಮಾಡಲಿ? ಅನುಭವವಿದ್ದವರು ತಿಳಿಸಿ.

ಹಾಸನದಿಂದ, ನಿವೃತ್ತ ಬ್ಯಾಂಕ್ ನೌಕರ:
ಮೊದಲು ಆ ಚೀಟಿಗಳ ಹಿಂಬದಿ ನೋಡಿ. ಹಣ ಪಡೆದವರ ಸಹಿ, ಐನೂರರ ನೋಟೆಷ್ಟು ನೂರರದೆಷ್ಟು ಎಂದು ಕ್ಯಾಷಿಯರ್ ಗೀಚಿಕೊಂಡ ಲೆಕ್ಕ ಸಾಮಾನ್ಯವಾಗಿ ಅಲ್ಲಿರುತ್ತದೆ. ಯಾರ ಐಡಿಯಿಂದ ಎಂಟ್ರಿಯಾಯಿತು, ಮೊತ್ತ ದೊಡ್ಡದಾದರೆ ಯಾರು ಪಾಸ್ ಮಾಡಿದರು ಎಂಬುದು ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಇದನ್ನು ನೋಡುವ ಮುಂಚೆ, ಕ್ಯಾಷಿಯರ್ ಒಬ್ಬನೇ ಮಾಡಿದ ಎನ್ನುವ ಮಾತನ್ನು ನಾನಂತೂ ನಂಬುವುದಿಲ್ಲ. ಸಿಸಿಟಿವಿ ದೃಶ್ಯ ಕೆಲಕಾಲದ ನಂತರ ಅಳಿಸಿಹೋಗುತ್ತದೆ. ಅದನ್ನು ಕಾದಿಡಿ ಎಂದು ಇವತ್ತೇ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ಬೇಲೂರಿನಿಂದ:
ನಮ್ಮ ಅತ್ತೆಯವರ ಖಾತೆಯಲ್ಲೂ ಹೀಗೇ ಆಗಿತ್ತು. ಹಣ ಕೊಡುವ ಮುನ್ನ "ಯಾವುದೇ ತಕರಾರಿಲ್ಲ" ಎಂಬ ಪತ್ರ ಮುಂದಿಟ್ಟರು. ಅತ್ತೆ ಸಹಿ ಮಾಡಲಿಲ್ಲ. ಆದರೂ ಹಣ ಬಂತು.

ಚಿಕ್ಕಮಗಳೂರಿನಿಂದ, ವಕೀಲೆ:
ಅಮಾನತು ಬ್ಯಾಂಕಿನ ಮನೆಯೊಳಗಿನ ಸಂಗತಿ. ನಂಬಿ ಒಪ್ಪಿಸಿದ ಹಣವನ್ನು ಬ್ಯಾಂಕ್ ನೌಕರ ನುಂಗಿದ ಅಪರಾಧ ಬೇರೆ. 2024ರ ಜುಲೈ 1ಕ್ಕಿಂತ ಹಿಂದೆ ತೆಗೆದ ಹಣಕ್ಕೆ ಭಾರತೀಯ ದಂಡ ಸಂಹಿತೆಯ 409ನೇ ಕಲಂ, ಆಮೇಲಿನದಕ್ಕೆ ಭಾರತೀಯ ನ್ಯಾಯ ಸಂಹಿತೆಯ 316(5) ಅನ್ವಯಿಸುತ್ತದೆ. ಎರಡರಲ್ಲೂ ಜೀವಾವಧಿ ಅಥವಾ 10 ವರ್ಷದವರೆಗಿನ ಸೆರೆವಾಸವಿದೆ. ಸುಳ್ಳು ಸಹಿ, ಲೆಕ್ಕ ತಿದ್ದಿದ್ದು ಪ್ರತ್ಯೇಕ ಅಪರಾಧಗಳು. ಹಣ ಮರಳಿಸಿದರೆ ಶಿಕ್ಷೆ ಕಡಿಮೆಯಾಗಬಹುದು, ಅಪರಾಧ ಅಳಿಯುವುದಿಲ್ಲ. ರಾಜಿಯಲ್ಲಿ ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲೂ ಇದಿಲ್ಲ.

ಆದರೆ ಕೇಸು ದಾಖಲಾಗುವುದು ಬೇರೆ, ಕೋರ್ಟಿನಲ್ಲಿ ನಿಲ್ಲುವುದು ಬೇರೆ. ಎನ್. ರಾಘವೇಂದರ್ ಪ್ರಕರಣದಲ್ಲಿ, ಗ್ರಾಹಕ ಸಂಸ್ಥೆಯ ಖಾತೆಯಿಂದ ಹಣ ತೆಗೆದ ಆರೋಪ ಹೊತ್ತಿದ್ದ ಗ್ರಾಮೀಣ ಬ್ಯಾಂಕಿನ ಶಾಖಾ ವ್ಯವಸ್ಥಾಪಕರಿಗೆ ಕೆಳಗಿನ ನ್ಯಾಯಾಲಯಗಳು ಶಿಕ್ಷೆ ಕೊಟ್ಟಿದ್ದವು. 2021ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ನಿಯಮ ಮೀರಿದ್ದು ಕಂಡಿತು, ಬ್ಯಾಂಕಿಗಾಗಲಿ ಗ್ರಾಹಕರಿಗಾಗಲಿ ನಷ್ಟವಾದದ್ದು, ಮೋಸದ ಉದ್ದೇಶವಿದ್ದದ್ದು ಸಾಬೀತಾಗಲಿಲ್ಲ. ಹಾಗಾಗಿ ಹಾಸನದವರು ಹೇಳಿದ ಆ ಚೀಟಿಗಳೇ ನಿಮ್ಮ ಕೇಸಿನ ಜೀವಾಳ. ಮೂಲ ಚೀಟಿಗಳನ್ನು ಪೊಲೀಸರು ವಶಪಡಿಸಿಕೊಂಡು ಕೈಬರಹ ತಜ್ಞರಿಗೆ ಕಳಿಸುವಂತೆ ದೂರಿನಲ್ಲೇ ಕೇಳಿ. ಠಾಣೆಯವರು ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಸಕಲೇಶಪುರದಿಂದ:
ಒಂದು ಮಾತು ಕೇಳಲೇ? ಅಮ್ಮ ಎಂದಾದರೂ ಪಾಸ್‌ಬುಕ್ಕು, ಸಹಿ ಹಾಕಿದ ಖಾಲಿ ಚೀಟಿಯನ್ನು ಆ ಕ್ಯಾಷಿಯರ್ ಕೈಗೆ ಮನೆಯಲ್ಲೇ ಕೊಟ್ಟಿದ್ದರೇ? "ನಮ್ಮೂರಿನ ಹುಡುಗ" ಎಂದು ನಮ್ಮ ಕಡೆ ಎಲ್ಲರೂ ಕೊಡುತ್ತಾರೆ.

ಚಿಕ್ಕಮಗಳೂರಿನ ವಕೀಲೆ:
ಒಳ್ಳೆಯ ಪ್ರಶ್ನೆ. ಪರಿಚಯದ ನೌಕರನ ಕೈಗೆ ಖಾಸಗಿಯಾಗಿ ಕೊಟ್ಟ ಹಣಕ್ಕೆ ಬ್ಯಾಂಕ್ ಹೊಣೆಯಲ್ಲ ಎಂದು 1978ರಲ್ಲಿ ಶ್ಯಾಮಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಗ ನೌಕರ ಸಿಕ್ಕಿಬೀಳುತ್ತಾನೆ, ಬ್ಯಾಂಕ್ ಕೈತೊಳೆದುಕೊಳ್ಳುತ್ತದೆ. ಸಹಿಯೇ ಸುಳ್ಳಾಗಿದ್ದರೆ ಮಾತು ಬೇರೆ: ಖಾತೆದಾರರ ಆದೇಶವೇ ಇಲ್ಲದೆ ಕೊಟ್ಟ ಹಣವನ್ನು ಬ್ಯಾಂಕ್ ತುಂಬಿಕೊಡಲೇಬೇಕು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ, ಶುಲ್ಕವಿಲ್ಲ. ಅಮ್ಮನವರನ್ನು ಕೂರಿಸಿಕೊಂಡು, ಯಾರಿಗೆ ಯಾವಾಗ ಏನು ಕೊಟ್ಟಿದ್ದರು ಎಂಬುದನ್ನು ದೂರು ಬರೆಯುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ.