ಅರ್ಧ ದೋಣಿ, ಅರ್ಧ ಮನೆ: ಯಾವ ಹೆಸರಿನಲ್ಲಿ ಮಾರಬೇಕು?

ಕೋಡಿಬಾಗ ನಿವಾಸಿ, ಕಾರವಾರ:
ನಮ್ಮ ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ಹದಿನೆಂಟು ಮಳೆಗಾಲ ಕಳೆದಿರುವ ಒಂದು ವಸ್ತುವನ್ನು ಮಾರಬೇಕಾಗಿದೆ. ಅದನ್ನು ಏನೆಂದು ಕರೆದು ಮಾರಬೇಕೆಂಬುದೇ ನನಗೆ ತಿಳಿಯುತ್ತಿಲ್ಲ. ನಮ್ಮ ತಂದೆಯವರು ಮುಂಬೈಯಲ್ಲಿ ದೋಣಿ ಕಟ್ಟುವ ಒಂದು ಕಾರ್ಖಾನೆಯಲ್ಲಿ ಫೈಬರ್ ಕೆಲಸ ಕಲಿತು ಊರಿಗೆ ಮರಳಿದವರು. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಕ್ಯಾರಾಬೋಟ್ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದ, ರಸ್ತೆಯ ಮೇಲೆ ಕಾರಿನ ಹಿಂದೆ ಎಳೆದೊಯ್ಯುವ ಮನೆಯಾಗಿಯೂ ನೀರಿನಲ್ಲಿ ಕ್ಯಾಬಿನ್ ಇರುವ ದೋಣಿಯಾಗಿಯೂ ಬಳಸಬಹುದಾಗಿದ್ದ ಗಾಡಿಯ ಚಿತ್ರವನ್ನು ಅವರು ಅಲ್ಲಿ ಯಾವುದೋ ಪತ್ರಿಕೆಯಲ್ಲಿ ನೋಡಿದ್ದರಂತೆ. ಆ ಒಂದು ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು 1986ರಲ್ಲಿ ಅಂಗಳದಲ್ಲೇ ಇದನ್ನು ಕಟ್ಟಿದರು. ಹದಿನಾರು ಅಡಿ ಉದ್ದ, ಆರೂವರೆ ಅಡಿ ಅಗಲ, ತಳ ಹೆಚ್ಚುಕಡಿಮೆ ಚಪ್ಪಟೆ. ಒಳಗೆ ಎರಡು ಬೆಂಚು, ನಡುವಿನ ಮೇಜನ್ನು ಕೆಳಗಿಳಿಸಿದರೆ ಮೂವರು ಮಲಗುವಷ್ಟು ಜಾಗ, ಸ್ಟೋವ್ ಇಡಲು ತಗಡು ಬಡಿದ ಒಂದು ಮೂಲೆ. ದೋಣಿಯ ಮಾಡಿನ ನಡುಭಾಗವನ್ನು ಮೇಲಕ್ಕೆತ್ತಿ ಸುತ್ತ ಕ್ಯಾನ್ವಾಸ್ ಕಟ್ಟಿದರೆ ನೆಟ್ಟಗೆ ನಿಲ್ಲಬಹುದು. ಹಳೆಯ ಜೀಪಿನ ಆಕ್ಸಲ್ ಹಾಕಿ ಬೆಸುಗೆ ಮಾಡಿದ ಟ್ರೈಲರ್ ಮೇಲೆ ಅದು ಕುಳಿತಿದೆ. ನಾವು ಚಿಕ್ಕವರಿದ್ದಾಗ ಜೀಪಿಗೆ ಕಟ್ಟಿಕೊಂಡು ಹೊನ್ನಾವರಕ್ಕೆ ಹೋಗಿ, ಶರಾವತಿಯಲ್ಲಿ ಇಳಿಸಿ, ರಾತ್ರಿ ನೀರಿನ ಮೇಲೆಯೇ ಗಂಜಿ ಉಂಡು ಮಲಗಿದ ನೆನಪಿದೆ. 2007ರ ನಂತರ ಅದು ಹಿತ್ತಲು ಬಿಟ್ಟು ಹೊರಟಿಲ್ಲ. ಎಂಜಿನನ್ನು ಆಗಲೇ ಮಾರಿದ್ದೇವೆ.

ಕಳೆದ ತಿಂಗಳು "ವಿಂಟೇಜ್ ಬೋಟ್ ಮತ್ತು ಕ್ಯಾರವಾನ್, 3 ಲಕ್ಷ ರೂಪಾಯಿ" ಎಂದು ಜಾಹೀರಾತು ಕೊಟ್ಟೆ. ನೋಡಲು ಬಂದವರಲ್ಲಿ ಒಬ್ಬರಿಗೆ ಟ್ರೈಲರ್ ಮಾತ್ರ ಬೇಕಾಗಿತ್ತು. ಇನ್ನೊಬ್ಬರು ಮಾಡನ್ನು ಕೊಯ್ದು ತೆಗೆದು ಬರಿಯ ದೋಣಿಯನ್ನು ಒಯ್ಯುತ್ತೇನೆಂದರು. ಎರಡೂ ಸೇರಿದ್ದನ್ನು ಕೇಳಿದವರು ಒಬ್ಬರೂ ಇಲ್ಲ. ಬಿಡಿಸಿ ಮಾರಬೇಕೇ, ಇಡಿಯಾಗಿ ಮಾರಬೇಕೇ? ತಿಳಿದವರು ಹೇಳಬೇಕು.

ಬೈತಖೋಲದ ತಾಂಡೇಲ (ಮೀನುದೋಣಿಯ ಮುಖ್ಯಸ್ಥ):
ಹೆಸರಿನ ಚಿಂತೆ ಆಮೇಲೆ ಮಾಡಿ. ಮೊದಲು ಒಂದು ರೂಪಾಯಿ ನಾಣ್ಯ ಹಿಡಿದುಕೊಂಡು ಅದರ ಸುತ್ತ ಒಂದು ಸುತ್ತು ಬನ್ನಿ. ತಳದಿಂದ ಮೇಲಿನವರೆಗೆ ಗೇಣಿಗೊಂದರಂತೆ ತಟ್ಟುತ್ತ ಹೋದರೆ ಗಟ್ಟಿ ಇರುವ ಕಡೆ ಟಣ್ ಎಂದು ಕೇಳುತ್ತದೆ. ಪದರ ಬಿಟ್ಟ ಕಡೆ ಹಲಸಿನ ಹಣ್ಣಿನ ಮೇಲೆ ಬಡಿದಂತೆ ಡಬ್ ಎನ್ನುತ್ತದೆ. ಅಂಥ ಜಾಗಕ್ಕೆ ಸುಣ್ಣದ ಗುರುತು ಹಾಕಿಡಿ. ನೀರಿನಲ್ಲೇ ವರ್ಷಗಟ್ಟಲೆ ಬಿಟ್ಟ ಫೈಬರ್ ದೋಣಿಗೆ ತಳದಲ್ಲಿ ಬೊಕ್ಕೆ ಏಳುತ್ತದೆ, ಒಡೆದರೆ ವಿನಿಗರ್ ತರಹ ಹುಳಿ ವಾಸನೆಯ ನೀರು ಬರುತ್ತದೆ. ನಿಮ್ಮದು ದಡದಲ್ಲಿದ್ದದ್ದರಿಂದ ಆ ಭಯ ಕಡಿಮೆ. ಆದರೆ ದಡದ ದೋಣಿಗೆ ಬೇರೊಂದು ರೋಗವಿದೆ, ಹೊರಗಿನವರು ಅದನ್ನು ನಂಬುವುದಿಲ್ಲ. ಮರವನ್ನು ಕೊಳೆಸುವುದು ಸಮುದ್ರದ ಉಪ್ಪುನೀರಿಗಿಂತ ಹೆಚ್ಚಾಗಿ ಮಳೆಯ ಸಿಹಿನೀರು. ಉಪ್ಪು ಬೂಷ್ಟನ್ನು ತಡೆಯುತ್ತದೆ. ಮಾಡಿನ ಸಂದಿಯಿಂದ ಇಳಿದ ಮಳೆನೀರು ಮಾತ್ರ ಫೈಬರ್ ಪದರಗಳ ನಡುವಿನ ಪ್ಲೈವುಡ್‌ನಲ್ಲಿ ಕುಳಿತು ಒಳಗೊಳಗೇ ತಿನ್ನುತ್ತದೆ. ಎಂಜಿನ್ ಕಟ್ಟುವ ಹಿಂಗೋಡೆಯಲ್ಲಿ ಪ್ಲೈವುಡ್ ಇದ್ದೇ ಇರುತ್ತದೆ. ಅದರ ಮೇಲ್ತುದಿಯನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿ ನೋಡಿ. ಸ್ವಲ್ಪವಾದರೂ ಬಾಗಿದರೆ ಆ ದೋಣಿಗೆ ಎಂಜಿನ್ ಕಟ್ಟಬಾರದು. 3 ಲಕ್ಷದ ಮಾತು ಅದಾದ ಮೇಲೆ.

ಟ್ರೈಲರಿನ ಚಕ್ರವನ್ನೂ ಬಿಚ್ಚಿಸಿ. ಹೊನ್ನಾವರದವರೆಗೆ ಓಡಿ ಬಿಸಿಯಾದ ಹಬ್ಬನ್ನು, ಅಂದರೆ ಚಕ್ರದ ನಡುವಿನ ಗುಂಬವನ್ನು, ಹಾಗೆಯೇ ನೀರಿಗಿಳಿಸಿದರೆ, ಒಳಗಿನ ಗಾಳಿ ತಣಿದು ಕುಗ್ಗಿ ಸೀಲಿನ ಸಂದಿಯಿಂದ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ನಿಮ್ಮ ತಂದೆಯವರು ಇಳಿಸುವ ಮೊದಲು ಒಂದು ತಾಸು ಕಾಯುತ್ತಿದ್ದರೇ?

ಗೋಕರ್ಣದ ಹೋಮ್‌ಸ್ಟೇಯವರು:
ಎಂಜಿನ್, ಹಬ್ಬು ಎಲ್ಲ ಬಿಡಿ. ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, ಬಣ್ಣ ಹಚ್ಚಿ, ದೀಪ ಹಾಕಿದರೆ ಪ್ರವಾಸಿಗರು ಫೋಟೊ ತೆಗೆಯಲೆಂದೇ ಬಂದು ಉಳಿಯುತ್ತಾರೆ. 1 ಲಕ್ಷಕ್ಕೆ ಕೊಡುವುದಾದರೆ ನಾಳೆಯೇ ಬರುತ್ತೇನೆ, ಸ್ವಾಮಿ.

ಅಂಕೋಲೆಯ ಅಕ್ಕೋರು (ಶಾಲೆಯ ಶಿಕ್ಷಕಿ):
ಹೋಮ್‌ಸ್ಟೇಯವರು ಹೇಳುತ್ತಿರುವುದು ಒಂದು ಕೊಠಡಿಯ ಬೆಲೆ. ಇಲ್ಲಿ ಮಾರಾಟಕ್ಕಿರುವುದು ಕೊಠಡಿಯಲ್ಲ. ಇಂಥ ದ್ವಂದ್ವ ಯಂತ್ರಗಳು ತಮ್ಮ ಕಾಲದಲ್ಲಿ ಹೆಚ್ಚಾಗಿ ಸೋತವುಗಳೇ. ಪಶ್ಚಿಮ ಜರ್ಮನಿಯ ಆಂಫಿಕಾರ್ ಎಂಬ ನೀರಿಗಿಳಿಯುವ ಕಾರು 1961ರಿಂದ ತಯಾರಾಗಿ ಒಟ್ಟು ನಾಲ್ಕು ಸಾವಿರದ ಸಂಖ್ಯೆಯನ್ನೂ ಮುಟ್ಟಲಿಲ್ಲ. ನೀರಿನಲ್ಲಿ 7 ನಾಟ್ (ಗಂಟೆಗೆ 7 ಸಮುದ್ರ ಮೈಲಿ), ರಸ್ತೆಯಲ್ಲಿ ಗಂಟೆಗೆ 70 ಮೈಲಿ ಎಂದು ಅದಕ್ಕೆ 770 ಎಂಬ ಅಂಕಿಯನ್ನು ಅಂಟಿಸಿದ್ದರು. ಕಾರಾಗಿಯೂ ದೋಣಿಯಾಗಿಯೂ ಅದು ಸಾಧಾರಣವಾಗಿತ್ತು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ತಮ್ಮ ಅತಿಥಿಗಳನ್ನು ಅದರಲ್ಲಿ ಕೂರಿಸಿ, ಬ್ರೇಕ್ ಕೆಟ್ಟಿತೆಂದು ಕೂಗುತ್ತ ಸೀದಾ ಕೆರೆಗೆ ನುಗ್ಗಿಸಿ ಹೆದರಿಸುತ್ತಿದ್ದರಂತೆ. ಅದರ ನಿಜವಾದ ಉಪಯೋಗ ಅದೊಂದೇ ಇರಬಹುದು. ಆದರೂ ಇಂದು ಸಂಗ್ರಾಹಕರು ಅದನ್ನು ಹುಡುಕಿಕೊಂಡು ಹೋಗಿ ದೊಡ್ಡ ಬೆಲೆ ತೆರುತ್ತಾರೆ. ಅವರು ಬೆಲೆ ಕೊಡುವುದು ಅದು ಇನ್ನೂ ನೀರಿಗಿಳಿಯಬಲ್ಲದು ಎಂಬುದಕ್ಕೆ. ಕಟ್ಟೆಯ ಮೇಲೆ ಕೂರಿಸಿದ ದಿನ ನಿಮ್ಮ ತಂದೆಯವರ ದೋಣಿ ಬರಿಯ ಬಣ್ಣದ ಪೆಟ್ಟಿಗೆಯಾಗುತ್ತದೆ, ಟ್ರೈಲರನ್ನು ಬೇರ್ಪಡಿಸಿದರೆ ಅದು ಹತ್ತರಲ್ಲಿ ಹನ್ನೊಂದನೆಯ ಫೈಬರ್ ದೋಣಿಯಾಗುತ್ತದೆ. ಎರಡು ದೋಣಿಯ ಮೇಲೆ ಕಾಲಿಡಬಾರದೆಂಬ ಮಾತು ಇಲ್ಲಿ ಹೊಂದುವುದಿಲ್ಲ, ಇರುವುದೊಂದೇ ದೋಣಿಯಲ್ಲವೇ.

ಕುಮಟೆಯ ವಕೀಲ:
ಅಕ್ಕೋರು ಹೇಳಿದ್ದು ಸರಿ ಇದ್ದರೂ, ಜಾಹೀರಾತಿನ ಮೂರು ಪದಗಳಲ್ಲಿ ಮೂರೂ ತೊಂದರೆಯವು ಎಂಬುದನ್ನು ಹೇಳಲೇಬೇಕಾಗಿದೆ. ವಿಂಟೇಜ್ ಎಂಬುದು ನಮ್ಮಲ್ಲಿ ಈಗ ಬರಿಯ ಹೊಗಳಿಕೆಯ ಮಾತಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ ಆ ವರ್ಗದ ನೋಂದಣಿ ಸಿಗುತ್ತದೆ. ನಿಮ್ಮದಕ್ಕೆ ಇನ್ನೂ ಐವತ್ತು ತುಂಬಿಲ್ಲ, ತುಂಬಿದರೂ ಟ್ರೈಲರ್ ಅದರಲ್ಲಿ ಬರುವುದಿಲ್ಲ. ಕ್ಯಾರವಾನ್ ಎಂದರೆ ಕೊಳ್ಳುವವನು ರಸ್ತೆಯ ಮೇಲೆ ಎಳೆದೊಯ್ಯಬಹುದೆಂದು ತಿಳಿಯುತ್ತಾನೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಎಂಬ ಪದದೊಳಗೆ ಟ್ರೈಲರ್ ಕೂಡ ಸೇರಿದೆ. ಅಂದರೆ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ನಿಮ್ಮ ಟ್ರೈಲರಿಗೆ ನಂಬರ್ ಪ್ಲೇಟ್ ಇದೆಯೇ? ಬೋಟ್ ಎಂದರೆ ಎಂಜಿನ್ ಕಟ್ಟಿ ಹೊಳೆಯಲ್ಲಿ ಓಡಿಸಬಹುದೆಂಬ ಅರ್ಥ ಬರುತ್ತದೆ. 2021ರ ಒಳನಾಡು ಹಡಗುಗಳ ಕಾಯ್ದೆ ಬಂದ ಮೇಲೆ ಯಂತ್ರಚಾಲಿತ ದೋಣಿಗೆ ಸಮೀಕ್ಷೆ, ನೋಂದಣಿ, ವಿಮೆಯ ಪ್ರಶ್ನೆಗಳು ಏಳುತ್ತವೆ. ಅವನ್ನು ಯಾರು ಮಾಡಿಸಿಕೊಳ್ಳಬೇಕೆಂದು ಮೊದಲೇ ಬರೆದುಕೊಳ್ಳುವುದು ಒಳ್ಳೆಯದು.

1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮಿನ ಪ್ರಕಾರ, ವರ್ಣನೆಯ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಿಕೊಂಡಿರಬೇಕು. ಹಳೆಯದನ್ನು ಮಾರಿದೆ, ಅವನೇ ನೋಡಿಕೊಂಡು ಒಯ್ದ ಎಂಬ ಉತ್ತರ, ಜಾಹೀರಾತಿನಲ್ಲಿ ನೀವೇ ಬರೆದ ಮಾತಿನ ಎದುರು ನಿಲ್ಲುವುದಿಲ್ಲ. ಹೋಮ್‌ಸ್ಟೇಯವರಿಗೂ ಒಂದು ಮಾತು: ಸಮುದ್ರದ ಭರತದ (ಉಬ್ಬರದ) ಗೆರೆಯಿಂದ 500 ಮೀಟರ್‌ವರೆಗಿನ ಜಾಗ ಕರಾವಳಿ ನಿಯಂತ್ರಣ ವಲಯದಲ್ಲಿದೆ. ಅಲ್ಲಿ ಕಟ್ಟೆ ಕಟ್ಟಿ ಬಾಡಿಗೆಗೆ ಕೊಟ್ಟರೆ, ಅದು ದೋಣಿ, ಕಟ್ಟಡವಲ್ಲ ಎಂದು ವಾದಿಸುವ ವಕೀಲ ನಾನಂತೂ ಆಗುವುದಿಲ್ಲ.

ಕೋಡಿಬಾಗ ನಿವಾಸಿ:
ವಕೀಲರೇ, ನಂಬರ್ ಪ್ಲೇಟ್ ಇಲ್ಲ, ಎಂದೂ ಇರಲಿಲ್ಲ. ಆ ಕಾಲದಲ್ಲಿ ಯಾರೂ ಕೇಳಲಿಲ್ಲವೆಂಬುದನ್ನು ಸಮರ್ಥನೆಯಾಗಿ ಹೇಳುತ್ತಿಲ್ಲ.

ತಾಂಡೇಲರು ಹೇಳಿದಂತೆ ಇವತ್ತು ಬೆಳಿಗ್ಗೆ ನಾಣ್ಯ ಹಿಡಿದು ಕುಳಿತೆ. ತಳವೆಲ್ಲ ಗಟ್ಟಿ ಇದೆ. ಎಡಬದಿಯ ಪಕ್ಕೆಯಲ್ಲಿ, ತಗಡಿನ ಮಾಡು ಸೋರುತ್ತಿದ್ದ ಜಾಗದ ನೇರ ಕೆಳಗೆ, ಅಂಗೈ ಅಗಲದ ಎರಡು ಕಡೆ ಡಬ್ ಎಂದಿತು. ಹಿಂಗೋಡೆಯನ್ನು ಅಲುಗಿಸಿದಾಗ ಅದು ಬಾಗಿದ್ದು ಕಣ್ಣಿಗೆ ಕಾಣಲಿಲ್ಲ, ಆದರೆ ಎಂಜಿನ್ ಬಿಗಿಯುತ್ತಿದ್ದ ಹಳೆಯ ಬೋಲ್ಟಿನ ತೂತಿನಿಂದ ಕಾಫಿ ಪುಡಿಯಂಥ ಕಂದು ಚೂರು ಉದುರಿ ಬೆರಳಿಗೆ ಅಂಟಿತು, ಹಿಸುಕಿದರೆ ಒದ್ದೆ. ಬೆಂಚಿನ ಕೆಳಗಿನ ಪೆಟ್ಟಿಗೆಯಲ್ಲಿ ತಂದೆಯವರ ಪೆನ್ಸಿಲ್ ಗುರುತುಗಳು ಹಾಗೆಯೇ ಇವೆ. ಯಾವ ಪದರಕ್ಕೆ ಎಷ್ಟು ಮ್ಯಾಟ್ (ಗಾಜಿನ ನಾರಿನ ಹಾಸು), ಎಷ್ಟು ರೆಸಿನ್ (ಅದನ್ನು ಗಟ್ಟಿ ಮಾಡುವ ಅಂಟು) ಎಂದು ಗೋಡೆಯ ಮೇಲೆಯೇ ಲೆಕ್ಕ ಬರೆದಿದ್ದಾರೆ. ಹಬ್ಬಿನ ವಿಷಯಕ್ಕೆ ಬಂದರೆ, ಹೌದು ತಾಂಡೇಲರೇ, ಅವರು ಚಕ್ರವನ್ನು ಕೈಯಿಂದ ಮುಟ್ಟಿ ನೋಡಿ, ತಣಿಯುವವರೆಗೆ ನಮ್ಮನ್ನು ದಂಡೆಯ ಮೇಲೆ ಕೂರಿಸುತ್ತಿದ್ದರು. ಅದು ಯಾಕೆಂದು ಇವತ್ತು ತಿಳಿಯಿತು.

ಶಿರಸಿಯ ತೋಟಿಗ:
ನಾನು ಇದನ್ನು ಇಡಿಯಾಗಿಯೇ ಕೊಳ್ಳುವ ಮನಸ್ಸಿನಿಂದ ಕೇಳುತ್ತಿದ್ದೇನೆ. ನಮ್ಮ ಅಡಿಕೆ ತೋಟದ ತಲೆಯಲ್ಲಿ ಒಂದು ಕೆರೆಯಿದೆ. ಬೇಸಿಗೆಯಲ್ಲಿಯೂ ಆಳು ಮುಳುಗುವಷ್ಟು ನೀರಿರುತ್ತದೆ. ವರ್ಷದಲ್ಲಿ ಕೆಲವು ತಿಂಗಳು ಕೆರೆಯಲ್ಲಿ ತೇಲಿಸಿ, ಮಳೆ ಹಿಡಿದಾಗ ಕೊಟ್ಟಿಗೆಯ ಪಕ್ಕಕ್ಕೆ ಎಳೆದು, ಬಂದ ನೆಂಟರಿಗೆ ಮಲಗಲು ಕೊಟ್ಟರೆ ಅದು ದೋಣಿಯೂ ಹೌದು, ಮನೆಯೂ ಹೌದು. ನನ್ನ ಸಂಶಯ ದಾರಿಯದ್ದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಟನ್ ತೂಕದ ಟ್ರೈಲರನ್ನು ಬೊಲೆರೊಗೆ ಕಟ್ಟಿ ಹತ್ತಿಸಲು ಧೈರ್ಯ ಸಾಲದು.

ಕುಮಟೆಯ ವಕೀಲ:
ಕಟ್ಟಿ ಎಳೆಯಲೇಬೇಡಿ. ಟ್ರೈಲರ್ ಸಮೇತ ಲಾರಿಯ ಮೇಲೆ ಏರಿಸಿದರೆ ಅದು ಸರಕು, ಸರಕಿಗೆ ನಂಬರ್ ಪ್ಲೇಟ್ ಯಾರೂ ಕೇಳುವುದಿಲ್ಲ. ತೋಟದೊಳಗೆ ಎಳೆದಾಡುವುದು ನಿಮ್ಮ ಸ್ವಂತ ಜಾಗದ ವ್ಯವಹಾರ.

ಬೈತಖೋಲದ ತಾಂಡೇಲ:
ತೋಟಿಗರೇ, ನಿಮ್ಮ ಆಸೆಗೆ ನೀರೆರಚುತ್ತಿದ್ದೇನೆಂದು ತಿಳಿಯಬೇಡಿ. ಕೆರೆಯ ನೀರು ಸಿಹಿನೀರು, ಶಿರಸಿಯ ಮಳೆಯೂ ಕಡಿಮೆಯದಲ್ಲ. ಆ ಹಿಂಗೋಡೆಯನ್ನು ಹಾಗೆಯೇ ಒಯ್ದರೆ ಐದು ವರ್ಷದಲ್ಲಿ ಕೊಳೆ ಪಕ್ಕೆಗೂ ಹಬ್ಬುತ್ತದೆ. ಒಳಗಿನ ಫೈಬರನ್ನು ಕೊಯ್ದು, ಕೊಳೆತ ಪ್ಲೈವುಡ್ ಪೂರ್ತಿ ಕೆತ್ತಿ ತೆಗೆದು, ಒಣಗಲು ಎರಡು ವಾರ ಬಿಟ್ಟು, ಹೊಸ ಮೆರೈನ್ ಪ್ಲೈ ಕೂರಿಸಿ ಮೇಲೆ ಮ್ಯಾಟ್ ಹಾಕಬೇಕು. ಇದು ಮಳೆಗಾಲದಲ್ಲಿ ಆಗುವ ಕೆಲಸವಲ್ಲ, ಹಸಿ ಗಾಳಿಗೆ ರೆಸಿನ್ ಸರಿಯಾಗಿ ಕಚ್ಚುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದ್ದಾಗ ಎಲ್ಲರೂ ದೋಣಿ ರಿಪೇರಿಗೆ ಇಳಿಯುತ್ತಾರೆ, ಆಗ ಫೈಬರ್ ಕೆಲಸದವರು ಕೈಗೆ ಸಿಗುವುದೂ ಇಲ್ಲ. ಈಗಲೇ ಮಾಡಿಸಿ. ಇನ್ನೊಂದು ಮಾತು: ಮಾಡು ಎತ್ತಿ ಕ್ಯಾನ್ವಾಸ್ ಕಟ್ಟಿದ ಮೇಲೆ ಅದನ್ನು ನೀರಿನಲ್ಲಿ ಓಡಿಸಬಾರದು. ಎತ್ತರದ ಬಟ್ಟೆ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಕಾಳಿ ಹೊಳೆಯ ಮುಖದಲ್ಲಿ ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದಾಗ ಇಂಥ ಚಪ್ಪಟೆ ತಳದ್ದು ಅಡ್ಡಡ್ಡ ಸರಿಯುತ್ತದೆ. ಲಂಗರು ಹಾಕಿ ನಿಂತ ಮೇಲಷ್ಟೇ ಮಾಡು ಎತ್ತಬೇಕು.

ಬೆಲೆಯ ಬಗ್ಗೆ: ಮಾಡು ಕೊಯ್ದು ಒಯ್ಯಲು ನಾನೇ ಬಂದಿದ್ದರೆ 70 ಸಾವಿರದ ಮೇಲೆ ಒಂದು ರೂಪಾಯಿ ಕೊಡುತ್ತಿರಲಿಲ್ಲ. ಆದರೆ ಆ ಪೆನ್ಸಿಲ್ ಲೆಕ್ಕದ ಮಾತು ಓದಿದ ಮೇಲೆ ಕೊಯ್ಯುವ ಕೆಲಸಕ್ಕೆ ನನ್ನನ್ನು ಕರೆಯಬೇಡಿ.

ಗೋಕರ್ಣದ ಹೋಮ್‌ಸ್ಟೇಯವರು:
ವಕೀಲರ ಮಾತು ಕೇಳಿ ನಾನು ಹಿಂದೆ ಸರಿದಿದ್ದೇನೆ. ಆದರೆ ಎಲ್ಲರೂ ಸೇರಿ ಒಂದು ಹಳೆಯ ದೋಣಿಗೆ ಇಷ್ಟು ಕುಂದು ಹುಡುಕಿದ ಮೇಲೆ ಅದನ್ನು ಕೊಳ್ಳುವವರು ಯಾರು?

ಅಂಕೋಲೆಯ ಅಕ್ಕೋರು:
ಕುಂದು ತಿಳಿದೂ ಕೇಳುತ್ತಿರುವವರು ತೋಟಿಗರು ಒಬ್ಬರಿದ್ದಾರಲ್ಲ. ಕುಂದು ತಿಳಿಯದೆ 3 ಲಕ್ಷ ಕೊಟ್ಟವರು ಮರುವಾರ ವಕೀಲರ ಮನೆ ಬಾಗಿಲಿಗೆ ಬರುತ್ತಾರೆ. ನನ್ನ ಆಕ್ಷೇಪ ಬೇರೆ. ತಂದೆಯವರ ಲೆಕ್ಕ ಬರೆದ ಗೋಡೆಯನ್ನು ರಿಪೇರಿಯ ಹೆಸರಿನಲ್ಲಿ ಯಾರೂ ಬಣ್ಣ ಬಳಿದು ಮುಚ್ಚಬಾರದು. ಮಾರುವ ಮೊದಲು ಅದರ ಚಿತ್ರವನ್ನಾದರೂ ತೆಗೆದಿಟ್ಟುಕೊಳ್ಳಿ.

ಕೋಡಿಬಾಗ ನಿವಾಸಿ:
ಚಿತ್ರ ತೆಗೆದಿದ್ದೇನೆ, ಅಕ್ಕೋರೇ. ಹಳೆಯ ಜಾಹೀರಾತನ್ನು ತೆಗೆದುಹಾಕಿ ಹೀಗೆ ಬರೆದಿದ್ದೇನೆ: "1986ರಲ್ಲಿ ಕಾರವಾರದಲ್ಲಿ ಕೈಯಿಂದ ಕಟ್ಟಿದ, ಒಳಗೆ ಮೂವರು ಮಲಗಬಹುದಾದ 16 ಅಡಿಯ ಫೈಬರ್ ದೋಣಿ. ಎಂಜಿನ್ ಇಲ್ಲ, ಹಿಂಗೋಡೆಯ ಪ್ಲೈವುಡ್ ಕೊಳೆತಿದ್ದು, ಅದನ್ನು ಬದಲಿಸುವವರೆಗೆ ಎಂಜಿನ್ ಕಟ್ಟುವಂತಿಲ್ಲ. ಎಡ ಪಕ್ಕೆಯಲ್ಲಿ ಎರಡು ಕಡೆ ಪದರ ಬಿಟ್ಟಿದೆ. ಟ್ರೈಲರಿಗೆ ನೋಂದಣಿ ಇಲ್ಲದ್ದರಿಂದ ರಸ್ತೆಯ ಮೇಲೆ ಎಳೆಯುವಂತಿಲ್ಲ, ಲಾರಿಯಲ್ಲಿ ಒಯ್ಯಬೇಕು. ದೋಣಿ ಮತ್ತು ಟ್ರೈಲರ್ ಒಟ್ಟಿಗೇ, ಮಾಡು ಕೊಯ್ಯುವವರಿಗೆ ಇಲ್ಲ. 1 ಲಕ್ಷ 40 ಸಾವಿರ ರೂಪಾಯಿ." ತೋಟಿಗರು ಒಪ್ಪಿದರೆ ಹಿಂಗೋಡೆಯ ಕೆಲಸವನ್ನು ನಾನೇ ಇಲ್ಲಿ ಮಾಡಿಸಿ, ಅದರ ಖರ್ಚನ್ನು ಇಬ್ಬರೂ ಅರ್ಧರ್ಧ ಹಾಕಿಕೊಳ್ಳಬಹುದು.

ಶಿರಸಿಯ ತೋಟಿಗ:
ಬೆಲೆಗೆ ನನ್ನ ತಕರಾರಿಲ್ಲ, ಖರ್ಚಿನ ಅರ್ಧಕ್ಕೂ ಇಲ್ಲ. ಭಾನುವಾರ ಟೇಪು ಹಿಡಿದುಕೊಂಡು ಬರುತ್ತೇನೆ. ತೋಟದ ದಣಪೆಯ (ಬೇಲಿಯ ಬಾಗಿಲಿನ) ಅಗಲ ಏಳು ಅಡಿ, ನಿಮ್ಮ ಆರೂವರೆ ಅಡಿ ಚಕ್ರದ ಮಡ್‌ಗಾರ್ಡ್ ಸೇರಿಸಿ ಅಳೆದದ್ದೋ, ಬಿಟ್ಟು ಅಳೆದದ್ದೋ ನೋಡಬೇಕು. ಒಯ್ಯುವ ಮೊದಲು ಒಮ್ಮೆ ಅದು ತೇಲುವುದನ್ನು ಕಾಳಿಯಲ್ಲಿಯೇ ನೋಡುವ ಆಸೆಯಿದೆ.

ಬೈತಖೋಲದ ತಾಂಡೇಲ:
ಭಾನುವಾರದ ಭರತದ ಹೊತ್ತು ನೋಡಿ ತಿಳಿಸುತ್ತೇನೆ. ಎಂಜಿನ್ ಬೇಡ, ಎರಡು ಹುಟ್ಟು ನಾನು ತರುತ್ತೇನೆ. ತಳದಲ್ಲಿ ನೀರು ಬಿಡಲು ಒಂದು ತೂತು ಇರುತ್ತದೆ, ಅದರ ಬಿರಡೆ ಎಲ್ಲಿದೆಯೆಂದು ಇವತ್ತೇ ಹುಡುಕಿಡಿ.